ಜೂನ್‌ನ ಪುರಾವೆ, ಮೇ ತಿಂಗಳ ನೋಟಿಸು



ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದೊಡನೆ ಶಿಕ್ಷಣ ಇಲಾಖೆಯ ಜಿಲ್ಲಾ ಕಚೇರಿಗಳಲ್ಲಿ ಒಂದು ವಾರ್ಷಿಕ ವಿಧಿ ನಡೆಯುತ್ತದೆ. ಶಾಲಾವಾರು ಶೇಕಡಾ ಪಟ್ಟಿ ಸಿದ್ಧವಾಗುತ್ತದೆ; ಪಟ್ಟಿಯ ತಳದಲ್ಲಿರುವವರಿಗೆ ಕಾರಣ ಕೇಳಿ ನೋಟಿಸು ಹೊರಡುತ್ತದೆ. ಇದನ್ನು ಅಂಕಿ-ಅಂಶ ಆಧರಿಸಿದ ಆಡಳಿತವೆನ್ನುತ್ತಾರೆ. ನಾನು ಒಪ್ಪಲಾರೆ.

ನಿವೃತ್ತಿಗೆ ಮುಂಚಿನ ಒಂದು ಸಭೆ ಇನ್ನೂ ನೆನಪಿದೆ. ನಮ್ಮ ಹತ್ತನೆಯ ತರಗತಿಯಲ್ಲಿ ಎರಡೂ ವರ್ಷ ಇದ್ದವರು 20 ಮಕ್ಕಳು. ಆ ಸಲ ಹಿಂದಿನ ವರ್ಷಕ್ಕಿಂತ ಇಬ್ಬರು ಹೆಚ್ಚಾಗಿ ನಪಾಸಾಗಿದ್ದರು. "ಶೇ. 10ರಷ್ಟು ಕುಸಿತ! ಏನು ಮಾಡುತ್ತಿದ್ದಿರಿ ಮಾಸ್ತರೇ?" ಎಂದು ಅಧಿಕಾರಿಗಳು ಎಲ್ಲರೆದುರು ಕೇಳಿದರು. 200 ಮಕ್ಕಳ ಶಾಲೆಯಲ್ಲಿ ಅದೇ ಇಬ್ಬರು ಕೇವಲ ಶೇ. 1. ಅವರಲ್ಲೊಬ್ಬ ಗೋವಿನಜೋಳದ ಸುಗ್ಗಿಯಲ್ಲಿ ವಾರಗಟ್ಟಲೆ ಹೊಲದಲ್ಲಿದ್ದ. ನನ್ನ ಕೈಯಲ್ಲಿದ್ದ ಹಾಜರಿ ಪುಸ್ತಕವನ್ನು ಯಾರೂ ತೆರೆಸಿ ನೋಡಲಿಲ್ಲ.

ಪಟ್ಟಿಯಾದರೂ ಎಷ್ಟು ನಂಬಿಕೆಗೆ ಅರ್ಹ? 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಶೇ. 73.40, ಅದೂ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ! ಒಂದೇ ವರ್ಷದಲ್ಲಿ ಮಕ್ಕಳೆಲ್ಲ ದಡ್ಡರಾದರೇ, ಶಿಕ್ಷಕರೆಲ್ಲ ಸೋಮಾರಿಗಳಾದರೇ? ಹಿಂದಿನ ಪಟ್ಟಿಗಳು ಅಳೆದದ್ದು ಬರೀ ಕಲಿಕೆಯನ್ನಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಆದರೂ ಅವೇ ಪಟ್ಟಿಗಳ ಮೇಲೆ ಹೊಗಳಿಕೆ, ತೆಗಳಿಕೆಗಳು ಹಂಚಿಕೆಯಾದವು.

ನಿಜವಾದ ಪುರಾವೆ ಇಲ್ಲವೆಂದಲ್ಲ. ಪ್ರತಿ ಜೂನ್‌ನಲ್ಲಿ ಸೇತುಬಂಧದ ನೈದಾನಿಕ ಪರೀಕ್ಷೆ ಮಾಡುತ್ತೇವೆ. ಎಂಟನೆಯ ತರಗತಿಗೆ ಬಂದ ಮಗುವಿಗೆ ಭಾಗಾಕಾರ ಬರುತ್ತದೆಯೇ, ಕನ್ನಡ ಪುಟವೊಂದನ್ನು ತಡವರಿಸದೆ ಓದಬಲ್ಲದೇ ಎಂಬುದು ಆಗಲೇ ತಿಳಿಯುತ್ತದೆ. ನಮೂನೆ ತುಂಬಿ ಕಳುಹಿಸುತ್ತೇವೆ. ನಮೂನೆ ತಲುಪಿತೇ ಎಂದು ವಿಚಾರಿಸಿದವರುಂಟು. ಅದರಲ್ಲೇನಿದೆ ಎಂದು ನನ್ನನ್ನು ಕೇಳಿದವರಿಲ್ಲ. ಊರು ಕೊಳ್ಳೆಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಮೂರು ವರ್ಷ ಕಳೆದು ಮೇ ತಿಂಗಳಲ್ಲಿ ನೋಟಿಸು ಬರುತ್ತದೆ.

ಶಿಕ್ಷಕರು ತಪ್ಪೇ ಮಾಡುವುದಿಲ್ಲವೆಂದು ನಾನು ವಾದಿಸುತ್ತಿಲ್ಲ. ಪಾಠ ಮಾಡದವನನ್ನು ಧಾರಾಳವಾಗಿ ಪ್ರಶ್ನಿಸಲಿ. ಆದರೆ ಪುರಾವೆ ದಂಡಿಸಲಿಕ್ಕಷ್ಟೇ ಬಳಕೆಯಾದರೆ ಎಲ್ಲರೂ ಅದನ್ನು ಮರೆಮಾಚಲು ಕಲಿಯುತ್ತಾರೆ. ಹಿಂದುಳಿದ ಮಗು ಶಾಲೆಗೆ ಭಾರವಾಗಿ ಕಾಣತೊಡಗುತ್ತದೆ.

ನಿಮ್ಮಲ್ಲಿ ಕೆಲವರು ಇಂದು ಶಿಕ್ಷಕರಾಗಿದ್ದೀರಿ, ಕೆಲವರು ಕಚೇರಿಗಳಲ್ಲಿದ್ದೀರಿ. ನಿಮ್ಮ ಹಳೆಯ ಮಾಸ್ತರನದೊಂದು ಕೋರಿಕೆ: ಜೂನ್‌ನ ಆ ನಮೂನೆಯನ್ನು ಜೂನ್‌ನಲ್ಲೇ ಓದಿರಿ.