ಕೊಳೆತ ದ್ರಾಕ್ಷಿಗೂ ಕುಲ

ಬೆಂಗಳೂರಿನ ಗೆಳೆಯರ ಮನ್ಯಾಗ ಮೊದಲ ಸಲ ಫ್ರಾನ್ಸಿನ ಸೋಟೆರ್ನ್ ಸಿಹಿ ವೈನ್ ಕುಡಿದೆ. ಖರೇ ಹೇಳ್ತೀನಿ, ಜೇನು, ಜರ್ದಾಳು ನೆನಪಿಸೋ ಆ ರುಚಿ ಭಾಳ ಸೇರ್ತು. ಬೂಷ್ಟು ಹಿಡಿದು ಸುಕ್ಕಾದ ದ್ರಾಕ್ಷಿಯಿಂದ ಮಾಡ್ತಾರಂತ. ಆ ಬೂಷ್ಟಿಗೆ ಫ್ರೆಂಚರು ಇಟ್ಟ ಹೆಸರು 'ಕುಲೀನ ಕೊಳೆತ'! ನಗು ಬಂತು, ಸಿಟ್ಟೂ ಬಂತು.

2007ರ ಜುಲೈ 1ರಿಂದ ನಮ್ಮ ರಾಜ್ಯದಾಗ ಸಾರಾಯಿ ನಿಷೇಧ ಆಯ್ತು. ಅದೇ ವರ್ಷ ಸರ್ಕಾರ ವೈನ್ ನೀತಿ ತಂತು. ಸಾರಾಯಿ ನಮ್ಮ ಕೇರಿಯ ಮನೆ ಮುರಿದದ್ದು ಸುಳ್ಳಲ್ಲ, ಹೋಗಿದ್ದು ಛಲೋನೇ ಆತು. ಆದರೆ ವೈನ್ ಕುಡಿಯೋರ ಮನ್ಯಾಗ ಯಾರೂ ಅದನ್ನ ಚಟ ಅನ್ನೋದಿಲ್ಲ.

ವೈನಿನ ಬಣ್ಣ, ವಾಸನೆ ಹೇಳೋರಿಗೆ ಪರಿಣತರು ಅಂತಾರ. ಬ್ಯಾಡಗಿಯಾಗ ಮೆಣಸಿನಕಾಯಿ ತೊಟ್ಟು ಬಿಡಿಸೋ ನಮ್ಮ ಅವ್ವಂದಿರು ಡಬ್ಬಿ, ಕಡ್ಡಿ ಕೈಗೆ ತಗೊಂಡ ಕೂಡ್ಲೇ ಮಾಲಿನ ಗುಣ ಹೇಳ್ತಾರ. ಅವರಿಗೆ ಕೂಲಿಯವರು ಅನ್ನೋದೊಂದೇ ಹೆಸರು.