ಫೋಟೊ ತೆಗೆದ ಹುಡುಗನಿಗೆ ಎಷ್ಟು ಕೊಟ್ರಿ?

ಹೋದ ಭಾನುವಾರ ನಮ್ಮ ಜಯಂತಿ ಸಮಿತಿಯ ಹಳೇ ಲೆಕ್ಕದ ಪುಸ್ತಕ ತೆಗೆದು ಕೂತಿದ್ದೆ. ಈ ಸಲದ ಏಪ್ರಿಲ್ 14ಕ್ಕೆ ಬಜೆಟ್ ಹಾಕಬೇಕಿತ್ತು. ಕಾಲೇಜಿನ ಆಫೀಸಲ್ಲಿ ಗುಮಾಸ್ತ ಆಗಿರೋದ್ರಿಂದ ಸಮಿತೀಲೂ ಲೆಕ್ಕ ಬರೆಯೋನು ನಾನೇ. ಶಾಮಿಯಾನ, ಕುರ್ಚಿ 18,000. ಮೈಕ್ ಸೆಟ್ 7,000. ಫ್ಲೆಕ್ಸ್ 9,500. ಹೂವು, ಹಾರ 6,000. ಡಿಜೆ 25,000. ಎಲ್ಲದಕ್ಕೂ ರಸೀದಿ ಅಂಟಿಸಿದೆ. ಕೊನೇಲಿ ನನ್ನದೇ ಅಕ್ಷರದಲ್ಲಿ ಒಂದು ಸಾಲು: "ಫೋಟೊ, ವಿಡಿಯೊ: ಉಚಿತ (ನಮ್ಮ ಹುಡುಗ)". ಹಿಂದಿನ ವರ್ಷದ ಪುಟದಲ್ಲೂ ಅದೇ. ಅದರ ಹಿಂದಿನದ್ದರಲ್ಲೂ ಅದೇ.

ಆ ನಮ್ಮ ಹುಡುಗ ನನ್ನ ಸ್ವಂತ ಅಕ್ಕನ ಮಗ. ವಯಸ್ಸು ಇಪ್ಪತ್ನಾಲ್ಕು, ಡಿಗ್ರಿ ಮುಗಿಸಿದಾನೆ. ನಾಲ್ಕು ವರ್ಷದಿಂದ ಫೋಟೊಗ್ರಫಿಯಲ್ಲೇ ಬದುಕು ಕಟ್ಕೋಬೇಕು ಅಂತ ಒದ್ದಾಡ್ತಿದಾನೆ.

ಫೋಟೊಗ್ರಫಿ ಅಂದ್ರೆ ಶೋಕಿ ಅಂದ್ಕೊಂಡವರಿಗಾಗಿ ಸ್ವಲ್ಪ ಲೆಕ್ಕ ಹೇಳ್ತೀನಿ. ಮೊದಲು ಅವನು ಒಂದು ಸ್ಟುಡಿಯೊದಲ್ಲಿ ಲೈಟ್ ಹಿಡಿಯೋಕೆ ಹೋದ. ಒಂದು ಮದುವೆಗೆ 1,200 ರೂಪಾಯಿ. ಹಿಂದಿನ ರಾತ್ರಿ ಆರತಕ್ಷತೆ, ಬೆಳಗ್ಗೆ ಧಾರೆ, ಮಧ್ಯೆ ಛತ್ರದ ಮೂಲೇಲಿ ಮೂರು ಗಂಟೆ ನಿದ್ದೆ. ಒಂದೂವರೆ ವರ್ಷ ಹಾಗೇ ದುಡಿದು ಕೈ ಪಳಗಿದ ಮೇಲೆ ಸ್ವಂತಕ್ಕೆ ಕ್ಯಾಮೆರಾ ಬೇಕು ಅಂದ. ಮುದ್ರಾ ಯೋಜನೆ 2015ರಿಂದ ಇದೆ. ಶಿಶು ಸಾಲ 50,000ದವರೆಗೆ, ಅದರ ಮೇಲೆ ಕಿಶೋರ್ 5 ಲಕ್ಷದವರೆಗೆ, ಅಡಮಾನ ಕೇಳಂಗಿಲ್ಲ. ಅರ್ಜಿ ನಾನೇ ತುಂಬಿಕೊಟ್ಟು ಜೊತೇಲೇ ಬ್ಯಾಂಕಿಗೆ ಹೋದೆ. ಅಲ್ಲಿದ್ದ ಸಾಹೇಬರು "ಅಂಗಡಿ ಎಲ್ಲಿದೆಯಪ್ಪಾ? ಕ್ಯಾಮೆರಾ ಕೊರಳಿಗೆ ಹಾಕ್ಕೊಂಡು ಊರೂರು ತಿರುಗೋನಿಗೆ ಸಾಲ ಕೊಟ್ಟು ನಾವೆಲ್ಲಿ ಹುಡುಕೋದು?" ಅಂದ್ರು. ಮೂರು ಸಲ ಅಲೆದ್ವಿ. ಕೊನೆಗೆ ಅಕ್ಕ ತನ್ನ ಮಹಿಳಾ ಸಂಘದಲ್ಲಿ ಸಾಲ ಎತ್ತಿದಳು. 62,000ಕ್ಕೆ ಸೆಕೆಂಡ್ ಹ್ಯಾಂಡ್ ಕ್ಯಾನನ್ ಬಾಡಿ, ಒಂದು ಲೆನ್ಸ್ ಬಂತು. ವಾರಕ್ಕೊಂದು ಕಂತು. ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಸಂಘದ ಕಂತಿಗೆ ಮಾತ್ರ ಯಾವ ಮಾಸವೂ ಇಲ್ಲ. ಆ ತಿಂಗಳುಗಳಲ್ಲಿ ಅಕ್ಕ ಗಾರ್ಮೆಂಟ್ಸಲ್ಲಿ ಓಟಿ ಮಾಡಿ ಕಟ್ಟಿದಳು.

ಈಗ ವರ್ಷಕ್ಕೆ ಏಳೆಂಟು ಮದುವೆ ಸ್ವಂತವಾಗಿ ಹಿಡೀತಾನೆ. ಎರಡು ದಿನದ ಮದುವೆಗೆ 40,000 ಅಂದ್ರೆ ಊರವರೆಲ್ಲ ಹುಬ್ಬೇರಿಸ್ತಾರೆ. ಅದರಲ್ಲಿ ವಿಡಿಯೊದವನಿಗೆ 8,000, ಅಸಿಸ್ಟೆಂಟಿಗೆ 4,000, ಆಲ್ಬಮ್ ಪ್ರಿಂಟಿಗೆ 7,500, ವಿಡಿಯೊ ಎಡಿಟಿಂಗಿಗೆ 5,000, ಲೈಟು ಲೆನ್ಸು ಬಾಡಿಗೆ 2,500, ಪೆಟ್ರೋಲು ಮತ್ತೊಂದು 1,500. ಉಳಿಯೋದು 11,500. ಎರಡು ದಿನ ಶೂಟಿಂಗು, ಆಮೇಲೆ ಹತ್ತು ದಿನ ಕಂಪ್ಯೂಟರ್ ಮುಂದೆ. ಅದೂ ಬ್ಯಾಲೆನ್ಸ್ ಬಂದ್ರೆ. ಆಲ್ಬಮ್ ಕೈಗೆ ಸಿಕ್ಕಿದ ಮೇಲೆ ಫೋನ್ ಎತ್ತದವರು ಎಲ್ಲಾ ಜಾತೀಲೂ ಇದಾರೆ. ಈ ವಿಷಯದಲ್ಲಿ ಮಾತ್ರ ಸಮಾನತೆ ಬಂದಿದೆ.

ಜಾತಿ ವಿಷಯಕ್ಕೆ ಬರ್ತೀನಿ. ಈ ಕಸುಬಲ್ಲಿ ಕೆಲಸ ಸಿಗೋದು ಬಾಯಿಂದ ಬಾಯಿಗೆ. ಒಂದು ಮದುವೆಗೆ ಬಂದ ನೆಂಟರು ನಂಬರ್ ಇಸ್ಕೊಂಡು ಮುಂದಿನ ಮದುವೆಗೆ ಕರೀತಾರೆ. ನೆಂಟರು ಅಂದ್ರೆ ಅದೇ ಜಾತಿ. ಹಾಗಾಗಿ ನಮ್ಮೂರ ಸ್ಟುಡಿಯೊಗಳ ಗಿರಾಕಿ ಪಟ್ಟಿ ಮುಕ್ಕಾಲು ಪಾಲು ಜಾತಿ ಪಟ್ಟಿಯ ಥರವೇ ಇರುತ್ತೆ. ನಮ್ಮ ಹುಡುಗನಿಗೆ ಶುರುವಲ್ಲಿ ಸಿಗೋ ನೆಂಟರು ಯಾರು? ಕೂಲಿ ಮಾಡಿ ಮದುವೆ ಮಾಡೋರು. ರೇಟ್ ಹೇಳೋಕೆ ಅವನಿಗೇ ನಾಚಿಕೆ.

ಹೊರಗಿನ ಕೆಲಸ ಸಿಕ್ಕಾಗ ಏನಾಗುತ್ತೆ? ಎರಡು ವರ್ಷದ ಹಿಂದೆ ಒಂದು ಗೃಹಪ್ರವೇಶಕ್ಕೆ ಕರೆದಿದ್ರು. ಬಾಗಿಲ ಪೂಜೆ, ಹೋಮ, ಹಾಲು ಉಕ್ಕಿಸೋದು, ಇವೆಲ್ಲ ಒಳಗೆ ನಿಂತು ತೆಗೆಯೋ ಫೋಟೊ. ಬೆಳಗಿನ ಜಾವ ಯಾರೋ "ನಿಮ್ಮದು ಯಾವ ಊರು, ಯಾವ ಪೈಕಿ?" ಅಂತ ಕೇಳಿದಾರೆ. ಇವನು ಹೇಳಿದಾನೆ. ಯಾರೂ ಬೈಲಿಲ್ಲ, ಜಗಳ ಆಡಲಿಲ್ಲ. ಕಾಫಿನೂ ಕೊಟ್ಟರಂತೆ, ಪೇಪರ್ ಕಪ್ಪಲ್ಲಿ. ಹಾಲು ಉಕ್ಕಿಸೋ ಹೊತ್ತಿಗೆ ಇವನು ಅಡುಗೆಮನೆ ಹೊಸ್ತಿಲ ಹತ್ರ ಹೋದಾಗ ಹಿರಿಯರೊಬ್ಬರು ನಗ್ತಾನೇ "ಅಲ್ಲಿಂದಲೇ ಝೂಮ್ ಮಾಡಪ್ಪಾ, ಒಳಗೆ ಜಾಗ ಇಲ್ಲ" ಅಂದ್ರು. ಒಳಗೆ ಹನ್ನೆರಡು ಜನ ಇದ್ರು. ಆ ಫೋಟೊದಲ್ಲಿ ಎಲ್ಲರ ಬೆನ್ನು, ಎಲ್ಲೋ ಒಂದು ಮೂಲೇಲಿ ಹಾಲಿನ ಪಾತ್ರೆ. ಆಮೇಲೆ ಅವರೇ "ಫೋಟೊ ಸರಿ ಬಂದಿಲ್ಲ" ಅಂತ 1,500 ಹಿಡ್ಕೊಂಡ್ರು.

ಇಷ್ಟು ಹೇಳಿ ನಿಲ್ಲಿಸಿದ್ರೆ ಈ ಪೋಸ್ಟಿಗೆ ನೂರು ಲೈಕ್ ಬೀಳುತ್ತೆ, ನಿಮಗೂ ನಂಗೂ ಸಮಾಧಾನ. ಆದ್ರೆ ಅವತ್ತು ರಾತ್ರಿ ಅವನು ಹೇಳಿದ ಮಾತು ಬೇರೆ. "ಮಾವ, ಅವರು 1,500 ಹಿಡ್ಕೊಂಡು 5,000 ಕೊಟ್ರು. ನೀವು ಶಾಲು ಹಾಕ್ತೀರ."

ನಂಗೆ ಸಿಟ್ಟು ಬಂತು. ಚಳವಳಿ ಬೇರೆ, ವ್ಯಾಪಾರ ಬೇರೆ ಕಣೋ ಅಂತ ಭಾಷಣವನ್ನೇ ಕೊಟ್ಟೆ. ನಿಮ್ಮ ಮಾವ ಇಪ್ಪತ್ತು ವರ್ಷ ಸ್ವಂತ ದುಡ್ಡಲ್ಲಿ ಬಸ್ ಹತ್ತಿ ಪ್ರತಿಭಟನೆಗೆ ಹೋಗಿದಾನೆ ಅಂದೆ. ಅವನು ಏನೂ ಮಾತಾಡಲಿಲ್ಲ. ಆ ವರ್ಷ ಜನವರಿ 1ಕ್ಕೆ ಭೀಮಾ ಕೋರೆಗಾಂವ್ ಕಾರ್ಯಕ್ರಮಕ್ಕೂ ಬಂದ, ಏಪ್ರಿಲ್ 14ಕ್ಕೂ ಬಂದ, ನವೆಂಬರ್ 26ರ ಸಂವಿಧಾನ ದಿನಕ್ಕೂ ಬಂದ. ಅದರಲ್ಲಿ ಒಂದು ದಿನ ಸೀಮಂತದ ಬುಕಿಂಗ್ ಬಿಟ್ಟು ಬಂದಿದ್ದ ಅಂತ ಅಕ್ಕನಿಂದ ಆಮೇಲೆ ಗೊತ್ತಾಯ್ತು.

ನಾನು ತಿಂಗಳ ಸಂಬಳ ತಗೊಂಡು ಭಾನುವಾರ ಚಳವಳಿ ಮಾಡೋನು. ಅವನಿಗೆ ಭಾನುವಾರವೇ ಸಂಬಳದ ದಿನ. ಈ ವ್ಯತ್ಯಾಸ ನಂಗೆ ಹೊಳೆಯೋಕೆ ಮೂರು ವರ್ಷ, ಒಂದು ಲೆಕ್ಕದ ಪುಸ್ತಕ ಬೇಕಾಯ್ತು.

ನಮ್ಮಜ್ಜ ಊರ ಹಬ್ಬಕ್ಕೆ ತಮಟೆ ಬಡೀತಿದ್ದ. ಅದಕ್ಕೆ ಕೂಲಿ ಅಂತ ಇರಲಿಲ್ಲ, ಮೊರದಲ್ಲಿ ರಾಗಿ, ಉಳಿದ ಅನ್ನ. "ನಮ್ಮ ಹಟ್ಟಿಯೋನು" ಅನ್ನೋ ಮಾತಲ್ಲೇ ಕೂಲಿ ತೀರಿಹೋಗ್ತಿತ್ತು. ಬಿಟ್ಟಿ ಚಾಕರಿ ವಿರುದ್ಧ ಹೋರಾಡಿದವರು ನಾವು. ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿದೆ ಅಂತ ಪ್ರತಿ ವೇದಿಕೇಲೂ ಹೇಳ್ತೀವಿ. ಅದನ್ನೂ ಇದನ್ನೂ ಒಂದೇ ತಕ್ಕಡೀಲಿ ಇಡೋಕಾಗಲ್ಲ, ಗೊತ್ತು. ಅವನನ್ನ ಯಾರೂ ಬಲವಂತ ಮಾಡಿಲ್ಲ. ಆದ್ರೆ ಸೋದರಮಾವ ಕರೆದಾಗ ಆಗಲ್ಲ ಅನ್ನೋ ಧೈರ್ಯ ಆ ಹುಡುಗನಿಗೆ ಇತ್ತಾ? "ನಮ್ಮ ಹುಡುಗ" ಅಂತ ಬರೆದಾಗ ನಾನು ಮಾಡಿದ್ದೇನು?

ದುಡ್ಡಿಲ್ಲ ಅನ್ನೋ ಮಾತು ಬರುತ್ತೆ. ಡಿಜೆಗೆ 25,000 ಇದ್ದ ಕಡೆ ಆ ಮಾತು ಆಡಬಾರದು. ಕೇರೀಲಿ ಇಪ್ಪತ್ತು ಜನ ಸೇರಿ ಮಾಡೋ ಸಭೆಗೆ ನಿಜವಾಗ್ಲೂ ಇರಲ್ಲ. ಅಂಥ ಕಡೆ ಮೊದಲೇ ಬಾಯ್ಬಿಟ್ಟು ಇಲ್ಲ ಅಂತ ಹೇಳಿ, ಪೆಟ್ರೋಲ್ ದುಡ್ಡು ಕೊಡಿ, ಫೋಟೊ ಹಾಕುವಾಗ ಹೆಸರು ಹಾಕಿ. "ಪ್ರಚಾರ ಸಿಗುತ್ತೆ ಕಣೋ" ಅಂತ ಮಾತ್ರ ಹೇಳಬೇಡಿ. ನಮ್ಮ ಕಾರ್ಯಕ್ರಮದ ಫೋಟೊ ನೋಡಿ ಅವನಿಗೆ ಸಿಕ್ಕಿದ್ದು ಇನ್ನೂ ನಾಲ್ಕು ಕಾರ್ಯಕ್ರಮ, ನಾಲ್ಕೂ ಪುಕ್ಕಟೆ. ಹೋದ ವರ್ಷ ಅವನು ತೆಗೆದ ಮೆರವಣಿಗೆ ಫೋಟೊ ಒಬ್ಬ ಮುಖಂಡರ ಹುಟ್ಟುಹಬ್ಬದ ಫ್ಲೆಕ್ಸ್ ಮೇಲೆ ಬಂತು. ಫ್ಲೆಕ್ಸ್ ಹೊಡೆದವನಿಗೆ ದುಡ್ಡು ಸಿಕ್ತು, ಕಟ್ಟಿದವನಿಗೆ ಸಿಕ್ತು.

ಕಾನೂನು ಏನು ಹೇಳುತ್ತೆ ಅಂತ ಕೂತು ಓದಿದೆ. 1957ರ ಕಾಪಿರೈಟ್ ಕಾಯ್ದೆ ಸೆಕ್ಷನ್ 17ರ ಪ್ರಕಾರ ಫೋಟೊದ ಮೊದಲ ಹಕ್ಕುದಾರ ತೆಗೆದವನೇ. ಯಾರಾದ್ರೂ ದುಡ್ಡು ಕೊಟ್ಟು ತೆಗೆಸಿದ್ರೆ, ಬೇರೆ ಒಪ್ಪಂದ ಇಲ್ಲದೇ ಇದ್ದಾಗ, ಹಕ್ಕು ದುಡ್ಡು ಕೊಟ್ಟವರಿಗೆ. ಅಂದ್ರೆ ಮೂರು ವರ್ಷ ಒಂದು ಪೈಸೆ ಕೊಡದ ಪುಣ್ಯಕ್ಕೆ ನಮ್ಮ ಸಮಿತಿಯ ಫೋಟೊಗಳಿಗೆಲ್ಲ ಅವನೇ ಒಡೆಯ. ಇದನ್ನ ಅವನಿಗೆ ಹೇಳಿದಾಗ ಎಷ್ಟೋ ದಿನದ ಮೇಲೆ ಜೋರಾಗಿ ನಕ್ಕ. ಮದುವೆ ಫೋಟೊ ಹೊಸಬರು ಕೂಡ ನೆನಪಿಟ್ಕೊಳ್ಳಿ: ನಿಮ್ಮ ಪೇಜಲ್ಲಿ ಮಾದರಿಗೆ ಹಾಕ್ಕೋಬೇಕು ಅಂದ್ರೆ ಬುಕಿಂಗ್ ಸಮಯದಲ್ಲೇ ಒಂದು ಸಾಲು ಬರೆಸಿ ಸಹಿ ತಗೊಳ್ಳಿ. ಅಡ್ವಾನ್ಸ್ ಇಲ್ಲದೆ ತಾರೀಖು ಬರ್ಕೋಬೇಡಿ. ಉದ್ಯಮ್ ನೋಂದಣಿ ಪುಕ್ಕಟೆ, ಮಾಡಿಸಿ ಇಟ್ಕೊಳ್ಳಿ. ಮುದ್ರಾದಲ್ಲಿ ಆಗದಿದ್ರೆ ಪಿಎಂಇಜಿಪಿ ವಿಚಾರಿಸಿ. ಅದರ ನಿಯಮದಲ್ಲಿ ಎಸ್‌ಸಿ, ಎಸ್‌ಟಿ ಅರ್ಜಿದಾರರಿಗೆ ಹಳ್ಳಿ ಭಾಗದಲ್ಲಿ ಯೋಜನಾ ವೆಚ್ಚದ ಶೇ. 35, ಪಟ್ಟಣದಲ್ಲಿ ಶೇ. 25 ಸಬ್ಸಿಡಿ ಇದೆ.

ಇನ್ನೊಂದು ನೋವಿನ ವಿಷಯ. ನಮ್ಮ ಕೇರಿಗಳ ಬಗ್ಗೆ ವರದಿ ಮಾಡೋ ಸಂಸ್ಥೆಗಳು ಬೆಂಗಳೂರಿಂದ ಫೋಟೊಗ್ರಾಫರ್ ಕರ್ಕೊಂಡು ಬರ್ತವೆ. ಅವರಿಗೆ ದಿನದ ಫೀಸು, ಕಾರು, ರೂಮು. ದಾರಿ ತೋರಿಸೋನು ನಮ್ಮ ಹುಡುಗ, ಅವನಿಗೆ ಊಟ. ಆ ಕೆಲಸ ನಮ್ಮವರ ಕೈಲಿ ಆಗಲ್ವಾ? ಮುಂಬೈಯ ಸುಧಾರಕ್ ಓಲ್ವೆ ಪಾಲಿಕೆ ಸಫಾಯಿ ಕಾರ್ಮಿಕರನ್ನ ತೆಗೆದ ಫೋಟೊಗಳನ್ನ ನೋಡಿ. 2016ರಲ್ಲಿ ಪದ್ಮಶ್ರೀ ಬಂತು. ತಮಿಳುನಾಡಿನ ಎಂ. ಪಳನಿಕುಮಾರ್ ಚರಂಡಿಗೆ ಇಳಿಯೋ ಕಾರ್ಮಿಕರ ಬದುಕನ್ನ ವರ್ಷಗಟ್ಟಲೆ ಹಿಡಿದಿಟ್ಟಿದಾರೆ, 'ಪರಿ' ಜಾಲತಾಣದಲ್ಲಿವೆ. ಇಂಥವರ ಫೋಟೊ ಶೇರ್ ಮಾಡಿ ಹೆಮ್ಮೆ ಪಡೋ ನಾವು, ನಮ್ಮ ತಾಲೂಕಿನವನಿಗೆ ಒಂದು ದಿನದ ಕೂಲಿ ಕೊಟ್ಟಿದೀವಾ ಅಂತ ಕೇಳ್ಕೋಬೇಕು.

ಕಳೆದ ತಿಂಗಳು ಅವನು ಇನ್‌ಸ್ಟಾಗ್ರಾಮ್ ಪೇಜ್ ತೋರಿಸಿ "ಮಾವ, ಜೈಭೀಮ್ ರೀಲ್ಸ್ ತೆಗೆದುಬಿಡ್ಲಾ? ಅದು ಹಾಕಿದ ವಾರ ಎನ್‌ಕ್ವೈರಿನೇ ಬರಲ್ಲ" ಅಂದ. ಮುಂಚೆ ಆಗಿದ್ರೆ ಕೆನ್ನೆಗೆ ಬಿಡ್ತಿದ್ದೆನೋ ಏನೋ. ಮದುವೆದಕ್ಕೆ ಬೇರೆ ಪೇಜ್ ಮಾಡ್ಕೋ ಅಂದೆ. ಕಾಮೆಂಟಲ್ಲಿ ಬೈಯೋರು ಬೈಯಿರಿ. ನಂಗೂ ಅವತ್ತು ನಿದ್ದೆ ಬರಲಿಲ್ಲ. ಆದ್ರೆ ಬೈಯೋ ಮುಂಚೆ ನಿಮ್ಮ ಮನೆಯ ಮುಂದಿನ ಮದುವೆಗೆ ಯಾರನ್ನ ಬುಕ್ ಮಾಡಿದೀರಿ ಅಂತ ಬರೆದು ಬೈಯಿರಿ.

ಈ ಸಲದ ಬಜೆಟ್‌ನಲ್ಲಿ ಫೋಟೊ, ವಿಡಿಯೊ ಅಂತ 8,000 ಹಾಕಿದೀನಿ. ಡಿಜೆ ಇಂದ ಕಡಿತ. ಅವನ ಹತ್ರ ಕೊಟೇಶನ್ ಬರೆಸ್ಕೊಂಡೆ. ಬರೆಯುವಾಗ "ಸಮಿತಿಗೆ ಡಿಸ್ಕೌಂಟ್ ಹಾಕ್ಲಾ ಮಾವ?" ಅಂದ. ಬೇಡ ಅಂದೆ. ಸಭೇಲಿ ಓದಿದಾಗ ಇಬ್ಬರು ನಕ್ಕರು. ಒಬ್ಬರು "ಸ್ವಂತ ಅಳಿಯನಿಗೆ ಸಮಿತಿ ದುಡ್ಡಾ?" ಅಂದ್ರು. ಕೇಳಬೇಕಾದ ಪ್ರಶ್ನೆನೇ. ಇನ್ನಿಬ್ಬರು ಫೋಟೊಗ್ರಾಫರ್ ಹುಡುಗರ ಕೊಟೇಶನ್ ತರಿಸಿ, ಯಾರಿಗಾದ್ರೂ ಕೊಡಿ, ಕೊಡಿ ಅಷ್ಟೇ ಅಂದೆ. ಅಧ್ಯಕ್ಷರು ಇನ್ನೂ ಸಹಿ ಹಾಕಿಲ್ಲ. ಬರೋ ಭಾನುವಾರ ಮತ್ತೆ ಸಭೆ ಇದೆ. ಅವನು ಬರಲ್ಲವಂತೆ, ಒಂದು ನಾಮಕರಣದ ಬುಕಿಂಗ್ ಇದೆ.

ಜೈಭೀಮ್.