ಗೆಲ್ಲುವ ಕುದುರೆಯ ಲೆಕ್ಕ

ಅಮೆರಿಕದಲ್ಲಿ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಬಂದಾಗಲೆಲ್ಲ ಡೆಮಾಕ್ರಟಿಕ್ ಪಕ್ಷದ ಮತದಾರರಲ್ಲಿ ಒಂದು ಮಾತು ಓಡಾಡುತ್ತದೆ: ‘ನನಗೆ ಇಷ್ಟ ಇವರೇ. ಆದರೆ ನವೆಂಬರಿನಲ್ಲಿ ಗೆಲ್ಲಬೇಕಲ್ಲ, ಅದಕ್ಕೇ ವೋಟು ಅವರಿಗೆ.’ ಈ ಮಾತಿನ ಹಿಂದಿರುವ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. 1972ರಲ್ಲಿ ಜಾರ್ಜ್ ಮೆಕ್‌ಗವರ್ನ್ ಅವರನ್ನು ಅಭ್ಯರ್ಥಿ ಮಾಡಿದ ಪಕ್ಷಕ್ಕೆ ದಕ್ಕಿದ್ದು ಮ್ಯಾಸಚೂಸೆಟ್ಸ್ ಮತ್ತು ರಾಜಧಾನಿ ವಾಷಿಂಗ್ಟನ್ ಮಾತ್ರ. ಎದುರಾಳಿ ಗೆದ್ದರೆ ತಮ್ಮ ಬದುಕೇ ಏರುಪೇರಾಗುತ್ತದೆ ಎಂದು ಹೆದರುವವರಿಗೆ ಗೆಲುವಿನ ಲೆಕ್ಕ ಬಿಡಿ ಎನ್ನುವುದು ಸುಲಭವಲ್ಲ. ಆದರೂ ಆ ಲೆಕ್ಕದ ಮೇಲೆ ನನಗೆ ನಂಬಿಕೆಯಿಲ್ಲ.

ತನಗೆ ಯಾರು ಇಷ್ಟ ಎಂಬುದು ಮತದಾರನಿಗೆ ಗೊತ್ತು. ತಾನು ಕಾಣದ ಊರಿನ ಜನರಿಗೆ ಯಾರು ಇಷ್ಟವಾಗುತ್ತಾರೆ ಎಂಬುದು ಊಹೆ. 2004ರಲ್ಲಿ ಇರಾಕ್ ಯುದ್ಧವನ್ನು ಖಂಡಿಸುತ್ತ ಕಾರ್ಯಕರ್ತರ ಮನಗೆದ್ದಿದ್ದ ಹೋವರ್ಡ್ ಡೀನ್ ಅಯೋವಾದಲ್ಲಿ ಮೂರನೆಯವರಾದರು. ಗೆದ್ದವರು ಜಾನ್ ಕೆರಿ. ವಿಯೆಟ್ನಾಂನಲ್ಲಿ ಹೋರಾಡಿ ಪದಕ ಪಡೆದವರ ದೇಶಭಕ್ತಿಯನ್ನು ಬುಷ್ ಕಡೆಯವರು ಪ್ರಶ್ನಿಸಲಾರರು ಎಂದು ಅನೇಕರು ನಂಬಿದ್ದರು. ಆದರೆ ಆಗಸ್ಟ್ ಹೊತ್ತಿಗೆ ಟಿವಿ ಜಾಹೀರಾತುಗಳು ಅದೇ ಯುದ್ಧದ ದಾಖಲೆಯ ಮೇಲೆ ಎರಗಿದವು. ಡೀನ್ ಆಗಿದ್ದರೆ ಗೆಲ್ಲುತ್ತಿದ್ದರು ಎಂದು ನಾನು ವಾದಿಸುತ್ತಿಲ್ಲ. ಸುರಕ್ಷಿತ ಎಂದು ಆರಿಸಿದ ದಾರಿ ಸುರಕ್ಷಿತವಾಗಿರಲಿಲ್ಲ, ಅಷ್ಟೆ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಈ ಊಹೆಯಲ್ಲಿ ನಾವು ಪರರ ಪೂರ್ವಗ್ರಹವನ್ನು ಅವರ ಪರವಾಗಿ ನಾವೇ ಚಲಾಯಿಸುತ್ತೇವೆ. ‘ನನಗೇನೂ ತೊಂದರೆಯಿಲ್ಲ, ಆದರೆ ಜನ ಹೆಂಗಸನ್ನು ಒಪ್ಪುತ್ತಾರೆಯೇ, ಕಪ್ಪು ವ್ಯಕ್ತಿಯನ್ನು ಒಪ್ಪುತ್ತಾರೆಯೇ?’ ಹೀಗೆ ಯೋಚಿಸಿ ಕೈಬಿಟ್ಟರೆ, ಜನ ಒಪ್ಪುತ್ತಿದ್ದರೋ ಇಲ್ಲವೋ ತಿಳಿಯುವ ಅವಕಾಶವೇ ಹೋಗುತ್ತದೆ. 2007ರಲ್ಲಿ ಸೌತ್ ಕ್ಯಾರೊಲಿನಾದ ಎಷ್ಟೋ ಕಪ್ಪು ಮತದಾರರಿಗೇ ಒಬಾಮಾ ಗೆಲುವಿನ ಬಗ್ಗೆ ಅನುಮಾನವಿತ್ತು. 2008ರ ಜನವರಿ 3ರಂದು ಬಿಳಿಯರೇ ತುಂಬಿರುವ ಅಯೋವಾ ಅವರನ್ನು ಗೆಲ್ಲಿಸಿತು, ಅನುಮಾನ ಕರಗಿತು. ಅಯೋವಾದ ಮತದಾರರೂ ಪರರ ಮನಸ್ಸನ್ನು ಅಳೆಯುತ್ತ ಕುಳಿತಿದ್ದರೆ?

2020ರಲ್ಲಿ ಗೆಲುವಿನ ಲೆಕ್ಕವೇ ಬೈಡನ್ ಅವರನ್ನು ದಡ ಸೇರಿಸಿತಲ್ಲ ಎಂದು ಕೇಳಬಹುದು. ನಿಜ, ಆ ಲೆಕ್ಕ ಬಹಳ ಕೆಲಸ ಮಾಡಿತು. ಆದರೆ ಅವರಿಗೆ ಮರುಜೀವ ಕೊಟ್ಟ ಸೌತ್ ಕ್ಯಾರೊಲಿನಾದಲ್ಲಿ ಒಬಾಮಾ ಕಾಲದಿಂದ ಬಂದ ವಿಶ್ವಾಸವೂ, ಸಂಸದ ಜಿಮ್ ಕ್ಲೈಬರ್ನ್ ಅವರ ಬೆಂಬಲವೂ ಇದ್ದವು. ಇಬ್ಬರು ಅಭ್ಯರ್ಥಿಗಳು ಮನಸ್ಸಿಗೆ ಹತ್ತಿರಹತ್ತಿರವಾಗಿದ್ದರೆ ಗೆಲುವಿನ ಸಾಧ್ಯತೆ ನೋಡಿ ಆರಿಸುವುದಕ್ಕೆ ನನ್ನ ತಕರಾರಿಲ್ಲ. ಮೊದಲ ಪ್ರಶ್ನೆಯೇ ಅದಾದಾಗ ಮಾತ್ರ ಹೆದರುತ್ತೇನೆ.

2024ರಲ್ಲಿ ಆದದ್ದು ಅದೇ. ಟ್ರಂಪ್ ಅವರನ್ನು ಒಮ್ಮೆ ಸೋಲಿಸಿದವರು ಬೈಡನ್ ಒಬ್ಬರೇ ಎಂಬ ವಾದದ ಮುಂದೆ ಪಕ್ಷದ ಪ್ರಮುಖರು ಯಾರೂ ಕಣಕ್ಕಿಳಿಯಲಿಲ್ಲ. ಅವರ ವಯಸ್ಸಿನ ಬಗ್ಗೆ ಸಾಮಾನ್ಯ ಮತದಾರರು ಬಹಿರಂಗವಾಗಿಯೇ ಚಿಂತೆ ತೋಡಿಕೊಂಡಿದ್ದರೂ ಪ್ರೈಮರಿಗಳು ಶಾಸ್ತ್ರಕ್ಕೆ ಮುಗಿದವು. ಜೂನ್ 27ರ ಚರ್ಚೆಯ ನಂತರ ಒತ್ತಡ ಬೆಳೆದು, ಜುಲೈ 21ರಂದು ಅವರು ಹಿಂದೆ ಸರಿದರು. ಕಮಲಾ ಹ್ಯಾರಿಸ್ ಅಭ್ಯರ್ಥಿಯಾದರು, ಒಂದೇ ಒಂದು ಪ್ರೈಮರಿಯಲ್ಲೂ ಯಾರೊಬ್ಬರೂ ಅವರನ್ನು ಆ ಸ್ಥಾನಕ್ಕೆ ತೂಗಿ ನೋಡಿರಲಿಲ್ಲ.